ನಲವತ್ತಾರನೆಯ ಚಿತ್ರದ ಮಳೆ

ಬೊಲ್ಬೆಕ್, 14 ಅಕ್ಟೋಬರ್ 1996

ಮ್ಯೂಸಿಯಮ್ಮಿನ ಯಜಮಾನರಿಗೆ,

ಹೋದ ಗುರುವಾರ ಬೆಳಗಿನ ಬಸ್ಸು ಹಿಡಿದು ರೂವಾಂಗೆ ಬಂದಿದ್ದೆ, ನಿಮ್ಮಲ್ಲಿ ಇಂಪ್ರೆಷನಿಸ್ಟ್ ಕಾಲದ ರೇಖಾಚಿತ್ರ, ಅಚ್ಚುಚಿತ್ರಗಳನ್ನೆಲ್ಲ ಹೊರಗಿಟ್ಟಿದ್ದೀರಿ ಅಂತ ಪತ್ರಿಕೆಯಲ್ಲಿ ಓದಿ. ಟಿಕೆಟ್ ಕೊಟ್ಟ ಹುಡುಗಿ ಒಳ್ಳೆಯವಳು. ಕೋಟು ಇಸಿದುಕೊಂಡವನೂ ಒಳ್ಳೆಯವನೇ. ಒಳಗೆ ಕಾಲಿಟ್ಟರೆ ಮಾತ್ರ ಸೇಬಿನ ಮದ್ಯ ಇಡುವ ನೆಲಮಾಳಿಗೆ! ಅಷ್ಟು ಕತ್ತಲು. ಮೊದಲು ಕರೆಂಟು ಹೋಗಿದೆ ಅಂದುಕೊಂಡೆ.

ಒಂದು ಚಿತ್ರದ ಹತ್ತಿರ ಹೋಗಿ ಮೂಗು ತಾಗಿಸಿ ನೋಡುವಾಗ ಕಾವಲಿನವನು ಬಂದು, "ಸ್ವಲ್ಪ ಹಿಂದೆ ನಿಂತ್ಕೊಳ್ಳಿ ಮದಾಮ್" ಅಂದ. "ಹಿಂದೆ ನಿಂತ್ರೆ ನಿನ್ನ ಮುಖವೇ ಕಾಣಲ್ಲಪ್ಪ, ಇನ್ನು ಚಿತ್ರ ಎಲ್ಲಿ ಕಾಣುತ್ತೆ?" ಅಂದೆ. ಅವನು ನಕ್ಕ, ಆದರೆ ಜಾಗ ಬಿಡಲಿಲ್ಲ.

ನನಗೆ ಎಪ್ಪತ್ತನಾಲ್ಕು. ಮೂವತ್ತೊಂದು ವರ್ಷ ಇಲ್ಲಿನ ಬಟ್ಟೆ ಅಚ್ಚಿನ ಕಾರ್ಖಾನೆಯಲ್ಲಿ ತಾಮ್ರದ ಉರುಳೆಗಳ ಮೇಲೆ ಕೆತ್ತನೆ ಮಾಡಿದ್ದೇನೆ. ಕೂದಲಿಗಿಂತ ಸಣ್ಣ ಗೆರೆ ಎಣಿಸಿದ ಕಣ್ಣು ಇವು, ಕಣ್ಣಿನ ತಪ್ಪು ಅಂತ ಹೇಳಿ ಕಳಿಸಬೇಡಿ. ವಾರಕ್ಕೆ ಒಂದು ಗಂಟೆಯಾದರೂ ದೀಪಗಳನ್ನು ಪೂರ್ತಿ ಹಾಕಿ. ಯಾವ ವಾರ ಅಂತ ತಿಳಿಸಿದರೆ ಮತ್ತೆ ಬರುತ್ತೇನೆ.

ಇಂತಿ,
ಜಿನೆತ್ ದುಬೊಕ್


ರೂವಾಂ, 23 ಅಕ್ಟೋಬರ್ 1996

ಮಾನ್ಯ ಮದಾಮ್ ದುಬೊಕ್ ಅವರಿಗೆ,

ತಮ್ಮ ಪತ್ರ ತಲುಪಿತು. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ. ಕಾಗದದ ಮೇಲಿನ ಕೃತಿಗಳ ಹೊಣೆ ನನ್ನದಾದ್ದರಿಂದ ಉತ್ತರವನ್ನು ನಾನೇ ಬರೆಯುತ್ತಿದ್ದೇನೆ.

ಬೆಳಕು ಕಡಿಮೆ ಇರುವುದು ಮರೆವಿನಿಂದಲ್ಲ, ಉಳಿತಾಯಕ್ಕೂ ಅಲ್ಲ. ಕಾಗದಕ್ಕೆ ಬಿದ್ದ ಬೆಳಕು ಅದನ್ನು ಹಳದಿಯಾಗಿಸುತ್ತದೆ, ಬಣ್ಣವನ್ನು ತಿನ್ನುತ್ತದೆ. ಆದ ನಷ್ಟವನ್ನು ತುಂಬುವ ದಾರಿಯಿಲ್ಲ. ಹಾಗಾಗಿ ಒಂದು ಹಾಳೆಯನ್ನು ಮೂರು ತಿಂಗಳು ಮಂದ ಬೆಳಕಿನಲ್ಲಿ ತೋರಿಸಿ, ಮುಂದಿನ ನಾಲ್ಕು ವರ್ಷ ಪೆಟ್ಟಿಗೆಯಲ್ಲಿಡುತ್ತೇವೆ. ಒಬ್ಬರಿಗಾಗಿ ದೀಪ ಹೆಚ್ಚಿಸಿದರೆ ಮುಂದೆ ಬರುವವರ ಪಾಲಿನಿಂದ ಕಿತ್ತುಕೊಂಡಂತಾಗುತ್ತದೆ.

ಕಣ್ಣು ಕತ್ತಲಿಗೆ ಒಗ್ಗಲು ಏಳೆಂಟು ನಿಮಿಷ ಬೇಕು. ಮುಂದಿನ ಸಲ ಬಂದಾಗ ಮೊದಲ ಕೋಣೆಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಪ್ರದರ್ಶನದ ಪುಸ್ತಕವನ್ನು ನಮ್ಮ ಕಾಣಿಕೆಯಾಗಿ ಕಳುಹಿಸುತ್ತಿದ್ದೇನೆ. ಎಲ್ಲ ಚಿತ್ರಗಳೂ ಅದರಲ್ಲಿ ಅಚ್ಚಾಗಿವೆ, ಮನೆಯ ಬೆಳಕಿನಲ್ಲೇ ನೋಡಬಹುದು.

ತಮ್ಮ ವಿಶ್ವಾಸಿ,
ರೆಮಿ ಲೆಪ್ರೆವೋ


ಬೊಲ್ಬೆಕ್, 29 ಅಕ್ಟೋಬರ್ 1996

ಮೊಸ್ಯೂ ಲೆಪ್ರೆವೋ ಅವರಿಗೆ,

ಪುಸ್ತಕ ಬಂತು. ಚೆನ್ನಾಗಿದೆ, ಭಾರವಾಗಿದೆ. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಎರಡು ದಿನ ನೋಡಿದೆ. ಬೆಂಚಿನ ವಿಷಯಕ್ಕೆ ಹೇಳುವುದಾದರೆ, ನಾನು ನಿಮ್ಮ ಕೋಣೆಗಳಲ್ಲಿ ಎರಡು ಗಂಟೆ ಇದ್ದೆ. ಅಷ್ಟು ಹೊತ್ತಿಗೂ ಒಗ್ಗದ ಕಣ್ಣು ಏಳೆಂಟು ನಿಮಿಷಕ್ಕೆ ಒಗ್ಗುತ್ತದೆಯೇ?

ಈಗ ಬೇರೆ ಮಾತು. ನಲವತ್ತಾರನೆಯ ಚಿತ್ರ. ಬ್ಲಾನ್ಶ್ ದೆಲಮಾರ್ ಅಂತ ಹೆಸರಿದೆ, ಪ್ಯಾರಿಸ್ಸಿನವಳಂತೆ, 1881, ತಾಮ್ರದ ತಗಡಿನಿಂದ ತೆಗೆದ ಅಚ್ಚು, "ಹುಲ್ಲುಗಾವಲಿನ ಹೆಂಗಸರು". ಕೆಳಗೆ ಯಾರೋ ಬರೆದಿದ್ದಾರೆ: "ಆಕಾಶದಲ್ಲಿ ಕಾಣುವ ಓರೆ ಗೀರುಗಳು, ಹಳೆಯ ತಗಡನ್ನು ಸರಿಯಾಗಿ ಉಜ್ಜದೆ ಮರುಬಳಸಿದ್ದರ ಗುರುತು. ಹೆಂಗಸರು ಯಾವ ಕಾರಣವೂ ಇಲ್ಲದೆ ಓಡುತ್ತಿದ್ದಾರೆ. ಕಾರಣವಿಲ್ಲದ ಈ ಓಟದಲ್ಲೇ ಕಲಾವಿದೆ ಶುದ್ಧ ಚಲನೆಯನ್ನು ಹಿಡಿದಿದ್ದಾಳೆ."

ಇದನ್ನು ಪಕ್ಕದ ಮನೆಯ ರೇಮೋಂದ್‌ಗೆ ಓದಿ ಹೇಳಿದೆ. ಅವಳು ಚಿತ್ರ ನೋಡಿದವಳೇ, "ಅಯ್ಯೋ, ಮಳೆ ಬಂತಲ್ಲ, ಬಟ್ಟೆ ಎತ್ಕೊಳ್ಳೋಕೆ ಓಡ್ತಿದ್ದಾರೆ!" ಅಂದಳು. ಅವಳು ಇಪ್ಪತ್ತಾರು ವರ್ಷ ಮನೆಮನೆಗೆ ಅಂಚೆ ಹಂಚಿದವಳು, ಮಳೆ ಗೊತ್ತಾಗುತ್ತದೆ.

ಅದು ಮಳೆ, ಮೊಸ್ಯೂ. ಹುಲ್ಲಿನ ಮೇಲೆ ಹಾಸಿರುವುದು ಬಿಳುಪು ಬರಲಿ ಅಂತ ಬಿಸಿಲಿಗೆ ಹಾಕಿದ ಹತ್ತಿ ಬಟ್ಟೆ. ನಮ್ಮ ಹೊಳೆಯ ದಂಡೆಯಲ್ಲಿ ಹಿಂದೆ ಹೀಗೇ ಹಾಸುತ್ತಿದ್ದರಂತೆ. ಆ ಗೀರುಗಳೂ ಉಜ್ಜದೆ ಬಿಟ್ಟವಲ್ಲ. ಅವು ಲೆಕ್ಕ ಹಿಡಿದು ಕೆತ್ತಿದ ಗೆರೆ. ಬರೆದವರಿಗೆ ತಿಳಿಸಿ.

ಜಿನೆತ್ ದುಬೊಕ್


ರೂವಾಂ, 8 ನವೆಂಬರ್ 1996

ಮಾನ್ಯ ಮದಾಮ್ ದುಬೊಕ್ ಅವರಿಗೆ,

ತಮ್ಮ ಆಸಕ್ತಿಗೆ ಧನ್ಯವಾದ. ತಮ್ಮ ಅಭಿಪ್ರಾಯವನ್ನು ಆ ಟಿಪ್ಪಣಿ ಬರೆದವರ ಗಮನಕ್ಕೆ ತಂದಿದ್ದೇನೆ. ಅವರ ಪ್ರಕಾರ, ದೆಲಮಾರ್ ತನ್ನ ಬೇರೆ ಯಾವ ಕೃತಿಯಲ್ಲೂ ಮಳೆಯನ್ನು ಹೀಗೆ ಸಮಾನ ಅಂತರದ ಗೆರೆಗಳಿಂದ ತೋರಿಸಿಲ್ಲ. ಆಕೆಯ ಗೆರೆ ಯಾವಾಗಲೂ ಸಡಿಲ, ಚುರುಕು. ಇಷ್ಟು ಯಾಂತ್ರಿಕವಾದ ಗೆರೆಯನ್ನು ಆಕೆ ಎಳೆದಿರಲಾರಳು.

ಅಚ್ಚಾದ ಪುಸ್ತಕದಲ್ಲಿ ಚಿತ್ರ ಕಿರಿದಾಗಿರುವುದರಿಂದ ಇಂಥ ತಪ್ಪು ಗ್ರಹಿಕೆ ಸಹಜ.

ತಮ್ಮ ವಿಶ್ವಾಸಿ,
ರೆಮಿ ಲೆಪ್ರೆವೋ


ಬೊಲ್ಬೆಕ್, 12 ನವೆಂಬರ್ 1996

ಮೊಸ್ಯೂ ಲೆಪ್ರೆವೋ,

ಆ ಬರೆದವರು ಅರ್ಧ ಸರಿ. ಅವಳು ಎಳೆದ ಗೆರೆ ಅಲ್ಲ ಅದು. ಎಳೆದವರು ಬೇರೆ.

ನಮ್ಮ ಕೆಲಸ ಹೇಗೆ ಅಂತ ಹೇಳುತ್ತೇನೆ, ಅವರಿಗೂ ಓದಿ ಹೇಳಿ. ಕೆತ್ತಿದ ತಾಮ್ರದ ಉರುಳೆ ಬಣ್ಣದಲ್ಲಿ ಅದ್ದಿಕೊಂಡು ಬರುತ್ತದೆ. ಉಕ್ಕಿನ ಅಲಗೊಂದು ಮೇಲಿನ ಬಣ್ಣವನ್ನೆಲ್ಲ ಸವರಿಬಿಡುತ್ತದೆ, ಕೆತ್ತಿದ ತಗ್ಗಿನಲ್ಲಿ ನಿಂತಿದ್ದು ಮಾತ್ರ ಬಟ್ಟೆಗೆ ಹತ್ತುತ್ತದೆ. ಒಂದು ದೊಡ್ಡ ಎಲೆ ಇದೆ ಅಂತ ಇಟ್ಟುಕೊಳ್ಳಿ. ಇಡೀ ಎಲೆಯನ್ನು ತಗ್ಗು ಮಾಡಿದರೆ ಅಲಗು ಒಳಕ್ಕಿಳಿದು ಬಣ್ಣ ಬಾಚಿಕೊಂಡು ಹೋಗುತ್ತದೆ, ಬಟ್ಟೆಯ ಮೇಲೆ ಎಲೆ ಬೋಳಾಗುತ್ತದೆ. ಅದಕ್ಕೇ ಎಲೆಯ ಒಳಗೆ ಓರೆ ಗೆರೆ ತುಂಬುತ್ತೇವೆ, ಒಂದರ ಪಕ್ಕ ಒಂದು, ಒಂದೇ ಓರೆ, ಒಂದೇ ಅಂತರ. ಅಲಗು ಗೆರೆಗಳ ದಿಣ್ಣೆಯ ಮೇಲೆ ಜಾರಿಹೋಗುತ್ತದೆ. ನಿಮ್ಮ ನಲವತ್ತಾರನೆಯ ಚಿತ್ರದ ಆಕಾಶದಲ್ಲಿರುವುದು ಇದೇ ಗೆರೆ. ಬಟ್ಟೆ ಅಚ್ಚಿನ ಕೆಲಸ ಕಲಿತವರನ್ನು ಬಿಟ್ಟು ಬೇರೆ ಯಾರಿಗೂ ಹೀಗೆ ಎಳೆಯಲು ಬರುವುದಿಲ್ಲ. ಅಗತ್ಯವೂ ಬೀಳುವುದಿಲ್ಲ.

ನನಗೆ ಈಗ ಒಂದೇ ಒಂದು ವಿಷಯ ತಿಳಿಯಬೇಕು. ಕೈಯಲ್ಲಿ ಕೆತ್ತಿದ್ದೋ ಯಂತ್ರದಲ್ಲೋ? ನಾನು ಕೂತಿದ್ದು ಯಂತ್ರದ ಮುಂದೆ. ಆದರೆ ನನಗೆ ಕೆಲಸ ಕಲಿಸಿದ ಪೆರ್ ಓಸ್ಮೋಂ ಹಳೆಯ ಕಾಲದವರು, ಕೈಯಲ್ಲೇ ತುಂಬುತ್ತಿದ್ದರು. "ಯಂತ್ರಕ್ಕೆ ದಣಿವಿಲ್ಲ ಕಣೇ, ಅದಕ್ಕೇ ಅದರ ಗೆರೆಯಲ್ಲಿ ಉಸಿರೂ ಇಲ್ಲ" ಅನ್ನುತ್ತಿದ್ದರು. ಮನುಷ್ಯನ ಕೈ ಒಂದಷ್ಟು ಗೆರೆ ಎಳೆದ ಮೇಲೆ ಮಣಿಕಟ್ಟು ಎತ್ತಲೇಬೇಕು. ಮತ್ತೆ ಊರಿದಾಗ ಮೊದಲ ಗೆರೆ ಒಂದು ಚೂರು ದಪ್ಪ ಬೀಳುತ್ತದೆ. ಪುಸ್ತಕದ ಅಚ್ಚಿನಲ್ಲಿ ಅದು ಕಾಣದು. ನಿಮ್ಮ ಕತ್ತಲಲ್ಲೂ ಕಾಣದು. ಹಾಳೆಯನ್ನು ಬೆಳಕಿಗೆ ಹಿಡಿದು ಅರ್ಧ ಗಂಟೆ ನೋಡಲು ಬಿಡಿ. ಮುಟ್ಟುವುದಿಲ್ಲ.

ಮತ್ತೆ, ಆ ಬರೆದ ಮಹಾಶಯರನ್ನು ಕೇಳಿ, ಅವರ ಮನೆಯಲ್ಲಿ ಬಟ್ಟೆ ಒಣಗಿಸುವುದು ಯಾರು ಅಂತ.

ಜಿನೆತ್ ದುಬೊಕ್


ಬೊಲ್ಬೆಕ್, 2 ಡಿಸೆಂಬರ್ 1996

ಮೊಸ್ಯೂ,

ಮೂರು ವಾರ ಆಯಿತು, ಉತ್ತರವಿಲ್ಲ. ಬಟ್ಟೆ ಒಣಗಿಸುವ ಮಾತು ಚುಚ್ಚಿದ್ದರೆ ಅದನ್ನು ವಾಪಸ್ ತೆಗೆದುಕೊಂಡೆ. ಉಳಿದಿದ್ದನ್ನು ತೆಗೆದುಕೊಳ್ಳುವುದಿಲ್ಲ.

ಪ್ರದರ್ಶನ ಜನವರಿ ಹನ್ನೆರಡಕ್ಕೆ ಮುಗಿಯುತ್ತದೆ ಅಂತ ಪುಸ್ತಕದಲ್ಲಿದೆ. ಆಮೇಲೆ ನಾಲ್ಕು ವರ್ಷ ಪೆಟ್ಟಿಗೆ. ನನಗೆ ಡಿಸೆಂಬರಿನಲ್ಲೇ ಒಂದು ದಿನ ಹೇಳಿ. ಯಾವ ದಿನವಾದರೂ ಆಗಬಹುದು, ಎಷ್ಟು ಹೊತ್ತಿಗಾದರೂ ಬರುತ್ತೇನೆ. ಜನವರಿ ಬೇಡ.

ಜಿ. ದುಬೊಕ್


ಬೊಲ್ಬೆಕ್, 9 ಜನವರಿ 1997

ಮೊಸ್ಯೂ ಲೆಪ್ರೆವೋ ಅವರಿಗೆ,

ಇದನ್ನು ಬರೆಯುತ್ತಿರುವವಳು ರೇಮೋಂದ್ ಕಾವೆಲಿಯೆ, ಪಕ್ಕದ ಮನೆಯವಳು. ಹೇಳುತ್ತಿರುವವರು ಜಿನೆತ್. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ, ನಾನು ನಡುವೆ ಬಾಯಿ ಹಾಕಬಾರದಂತೆ. ನೋಡೋಣ.

ಜಿನೆತ್ ಹೇಳುತ್ತಾರೆ: ನೀವು ದಿನ ಕೊಡಲಿಲ್ಲ. ಇನ್ನು ಮೂರು ದಿನಕ್ಕೆ ಬಾಗಿಲು ಹಾಕುತ್ತೀರಿ. ಇನ್ನು ನಾನು ಬಂದೂ ಪ್ರಯೋಜನವಿಲ್ಲ, ಹಾಗಾಗಿ ದಿನ ಕೇಳಲು ಬರೆಯಿಸುತ್ತಿಲ್ಲ. ಗೆರೆಗಳನ್ನು ನೀವೇ ಎಣಿಸಿ ಅಂತ ಹೇಳಲು ಬರೆಯಿಸುತ್ತಿದ್ದೇನೆ. ಎಡದ ಮೇಲಿನ ಮೂಲೆಯಿಂದ ಶುರು ಮಾಡಿ, ಎಲ್ಲಿ ದಪ್ಪ ಗೆರೆ ಸಿಗುತ್ತದೋ ಅಲ್ಲಿ ಗುರುತು ಮಾಡಿಕೊಳ್ಳಿ. ಒಂದೇ ಲೆಕ್ಕಕ್ಕೆ ಮತ್ತೆ ಮತ್ತೆ ಸಿಕ್ಕರೆ ಅದು ಕೈ. ಸಿಗದಿದ್ದರೆ ಯಂತ್ರ. ಒಂದು ಕಾರ್ಡಿನಲ್ಲಿ "ಕೈ" ಅಂತಲೋ "ಯಂತ್ರ" ಅಂತಲೋ ಬರೆದು ಹಾಕಿ ಸಾಕು. ರೇಮೋಂದ್ ಓದಿ ಹೇಳುತ್ತಾಳೆ.

ಇಷ್ಟೇ ಅಂತೆ. "ಇಷ್ಟೇನಾ? ನಿಮ್ಮ ಕಣ್ಣಿನ ವಿಷಯ ಬರೀಬೇಡ್ವಾ?" ಅಂತ ಕೇಳಿದೆ. "ಅದು ಅವರಿಗ್ಯಾಕೆ?" ಅಂದರು. ಈಗ ಕಾಫಿ ಇಡಲು ಒಳಗೆ ಹೋಗಿದ್ದಾರೆ, ಗೋಡೆ ಸವರಿಕೊಂಡು. ಆದ್ದರಿಂದ ನಾನು ಬಾಯಿ ಹಾಕುತ್ತೇನೆ.

ಅವರ ಎಡಗಣ್ಣು ಹೋಗಿ ಎರಡು ವರ್ಷವಾಯಿತು. ಬಲಗಣ್ಣಿಗೂ ಅದೇ ರೋಗ ಸೆಪ್ಟೆಂಬರಿನಲ್ಲಿ ಶುರುವಾಯಿತು. ನೋಟದ ನಟ್ಟನಡುವೆ ಒಂದು ಕಪ್ಪು ಮಚ್ಚೆ, ಅದು ವಾರವಾರಕ್ಕೂ ಹಬ್ಬುತ್ತದೆ. ಲೆ ಆವ್ರ್‌ನ ಡಾಕ್ಟರು, "ಕ್ರಿಸ್‌ಮಸ್ ತನಕ ಓದಬಹುದು, ಆಮೇಲೆ ಹೇಳೋಕಾಗಲ್ಲ" ಅಂದಿದ್ದರು. ನಿಮಗೆ ಬರೆದ ಕಾಗದಗಳನ್ನೆಲ್ಲ ದಪ್ಪ ರಟ್ಟಿನ ಪಟ್ಟಿ ಇಟ್ಟುಕೊಂಡು ಸಾಲು ಸಾಲಾಗಿ ಬರೆದರು. ಕೊನೆಯ ಕಾಗದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಕ್ರಿಸ್‌ಮಸ್ ವಾರದಲ್ಲಿ ಬ್ರೆಡ್ಡು ಕೊಯ್ಯುವಾಗ ಹೆಬ್ಬೆರಳು ಕೊಯ್ದುಕೊಂಡ ಮೇಲೆ ನನ್ನನ್ನು ಕರೆದರು.

ಬರುತ್ತಿದ್ದಾರೆ. ನಿಲ್ಲಿಸುತ್ತೇನೆ.

ರೇಮೋಂದ್ ಕಾವೆಲಿಯೆ


ರೂವಾಂ, 11 ಜನವರಿ 1997

ಪ್ರಿಯ ಮದಾಮ್ ದುಬೊಕ್,

ಮದಾಮ್ ಕಾವೆಲಿಯೆ ಅವರು ಇದನ್ನು ಒಂದಕ್ಷರವೂ ಬಿಡದೆ ನಿಮಗೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮ ಕಣ್ಣಿನ ವಿಷಯ ನನಗೆ ಬರೆದರೆಂದು ನೀವು ಅವರನ್ನು ಬಯ್ಯುವುದಾದರೆ ನನ್ನನ್ನೂ ಸೇರಿಸಿ ಬಯ್ಯಿರಿ.

ಆ ಟಿಪ್ಪಣಿ ಬರೆದವನು ನಾನೇ. "ಬರೆದವರ ಗಮನಕ್ಕೆ ತಂದಿದ್ದೇನೆ" ಅಂದೆನಲ್ಲ, ಆಗ ನನ್ನ ಗಮನಕ್ಕೇ ತಂದುಕೊಂಡಿದ್ದೆ. ಪುಸ್ತಕ ಬಂದಾಗ ಆ ಸಾಲುಗಳನ್ನು ಬಹಳ ಜನ ಮೆಚ್ಚಿದ್ದರು. ಒಂದು ಪತ್ರಿಕೆ ಅವನ್ನೇ ಎತ್ತಿ ಅಚ್ಚು ಹಾಕಿತ್ತು. ನನಗೂ ಅವು ಇಷ್ಟವಾಗಿದ್ದವು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಿಮ್ಮ ನವೆಂಬರ್ ಹನ್ನೆರಡರ ಕಾಗದ ಬಂದ ಮರುದಿನವೇ, ಜನ ಬರುವ ಮೊದಲು, ಚಿತ್ರವನ್ನು ಗೋಡೆಯಿಂದ ಇಳಿಸಿ ಭೂತಗನ್ನಡಿಯಲ್ಲಿ ನೋಡಿದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಉಜ್ಜದೆ ಬಿಟ್ಟ ಗೀರಾಗಿದ್ದರೆ ಅದು ಹೆಂಗಸರ ಮೈಮೇಲೂ ಹಾದುಹೋಗಬೇಕಿತ್ತು. ಈ ಗೆರೆಗಳು ಪ್ರತಿಯೊಬ್ಬಳ ತಲೆಬಟ್ಟೆಯ ಅಂಚಿಗೆ ಬಂದು ನಿಲ್ಲುತ್ತವೆ, ಆಚೆ ಬದಿಯಿಂದ ಮತ್ತೆ ಶುರುವಾಗುತ್ತವೆ. ಬೇಕೆಂದೇ ಎಳೆದ ಗೆರೆ. ಮಳೆ. ಹದಿನಾಲ್ಕು ವರ್ಷದಿಂದ ಆ ಹಾಳೆಯನ್ನು ನೋಡುತ್ತಿದ್ದೇನೆ, ಅವರು ಯಾಕೆ ಓಡುತ್ತಿದ್ದಾರೆಂದು ಒಂದು ಸಲವೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಆ ದಿನವೇ ನಿಮಗೆ ಬರೆಯಬೇಕಿತ್ತು. ಪ್ರದರ್ಶನ ಮುಗಿಯಲಿ, ಆಮೇಲೆ ನಿಧಾನವಾಗಿ ಬರೆಯೋಣ ಅಂದುಕೊಂಡೆ. ನಿಮ್ಮ ಡಿಸೆಂಬರಿನ ಕಾಗದದಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ಕೋಪದಲ್ಲಿ ಗೀಚಿದ್ದಾರೆ ಎಂದುಕೊಂಡೆ. ಕೋಪಗೊಂಡವರಿಗೆ ತಡವಾಗಿ ಉತ್ತರಿಸುವುದು ಜಾಣತನವೆಂದೂ ಅಂದುಕೊಂಡೆ. ನಿಮಗೆ ಕಾಣುತ್ತಿದ್ದ ಆ ಆರು ವಾರಗಳು ಹೀಗೆ ನನ್ನಿಂದ ಹೋದವು. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಕ್ಷಮಿಸಿ.

ಗೆರೆ ಎಣಿಸಿಲ್ಲ. ನೀವಿಲ್ಲದೆ ಎಣಿಸುವುದಿಲ್ಲ. ಇಪ್ಪತ್ತೊಂದನೆಯ ತಾರೀಕು ಮಂಗಳವಾರ, ಮ್ಯೂಸಿಯಮ್ಮಿಗೆ ರಜೆ. ಚಿತ್ರವನ್ನು ಚೌಕಟ್ಟಿನಿಂದ ತೆಗೆದು ನನ್ನ ಕೆಲಸದ ಕೋಣೆಯ ಉತ್ತರದ ಕಿಟಕಿಯ ಪಕ್ಕ ಇಟ್ಟಿರುತ್ತೇನೆ. ಹತ್ತು ಗಂಟೆಗೆ ಬೊಲ್ಬೆಕ್‌ಗೆ ಕಾರು ತರುತ್ತೇನೆ. ಬರುವುದಿಲ್ಲ ಎಂದರೆ ಬಾಗಿಲಿನಿಂದಲೇ ವಾಪಸ್ ಹೋಗುತ್ತೇನೆ.

ರೆಮಿ ಲೆಪ್ರೆವೋ


ಬೊಲ್ಬೆಕ್, 15 ಜನವರಿ 1997

ಮೊಸ್ಯೂ ಲೆಪ್ರೆವೋ ಅವರಿಗೆ,

ರೇಮೋಂದ್ ಬರೆಯುತ್ತಿದ್ದೇನೆ. ನನಗೆ ಬೈಗುಳ ಸಿಕ್ಕಿದೆ. ನಿಮ್ಮ ಪಾಲಿನದು ನಿಮಗೆ ಕೈಗೇ ಕೊಡುತ್ತಾರಂತೆ.

ನಿಮ್ಮ ಕಾಗದ ಓದಿ ಮುಗಿಸಿದ ಮೇಲೆ ಜಿನೆತ್, "ಇನ್ನೊಂದು ಸಲ ಓದು, ಆ ತಲೆಬಟ್ಟೆ ಅಂಚಿನ ತನಕ ಮಾತ್ರ" ಅಂದರು. ಓದಿದೆ. "ನೋಡಿದ್ಯಾ, ತಲೆಬಟ್ಟೆ ಹತ್ರ ನಿಲ್ಸಿದ್ದಾರೆ. ಎಷ್ಟು ಜೋಪಾನ ನೋಡು!" ಅಂದರು. ಆಮೇಲೆ ಎದ್ದು ಮಾಳಿಗೆಯಿಂದ ಉಳಿಗಳ ಪೆಟ್ಟಿಗೆ ಇಳಿಸಿಕೊಡು ಅಂತ ನನ್ನನ್ನು ಏಣಿ ಹತ್ತಿಸಿದರು. ನನಗೆ ಅರವತ್ತೆಂಟು ವರ್ಷ, ಯಾರೂ ಕೇಳುವುದಿಲ್ಲ.

ಜಿನೆತ್ ಹೇಳುತ್ತಾರೆ: ಬರುತ್ತೇನೆ. ಕಾರಿನಲ್ಲಿ ಸಿಗರೇಟು ಸೇದಬಾರದು. ನವೆಂಬರಿನಲ್ಲಿ ಕರೆದಿದ್ದರೆ ನಾನೇ ಎಣಿಸುತ್ತಿದ್ದೆ. ಪರವಾಗಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಬರುತ್ತೇನೆ.


ರೂವಾಂ, 27 ಜನವರಿ 1997

ಪ್ರಿಯ ಮದಾಮ್ ದುಬೊಕ್,

ಆ ಮಂಗಳವಾರ ನಾವು ಕಂಡದ್ದನ್ನು ಮ್ಯೂಸಿಯಮ್ಮಿನ ದಾಖಲೆಗಾಗಿ ಬರೆದಿಡುತ್ತಿದ್ದೇನೆ. ಮೇಲಿನವರಿಗೆ ಒಪ್ಪಿಸುವ ಮೊದಲು ನಿಮಗೆ ಕಳುಹಿಸುತ್ತಿದ್ದೇನೆ. ನನ್ನ ನೆನಪು ಎಲ್ಲಿ ತಪ್ಪಿದೆಯೋ ಅಲ್ಲಿ ತಡೆದು ತಿದ್ದಿ. ಮದಾಮ್ ಕಾವೆಲಿಯೆ ಅಷ್ಟೂ ಹೊತ್ತು ಕೆಳಗಿನ ಕಾವಲಿನವನ ಜೊತೆ ಹರಟುತ್ತಿದ್ದುದರಿಂದ ಅವರಿಗೂ ಇದು ಹೊಸದು.

ಕಿಟಕಿಯ ಬೆಳಕು ಅಂದು ತೆಳುವಾಗಿತ್ತು, ಚೆನ್ನಾಗಿತ್ತು. ನೀವು ಕುರ್ಚಿಯಲ್ಲಿ ಕೂತು ಮುಖವನ್ನು ಬೀರುವಿನ ಕಡೆ ತಿರುಗಿಸಿದಿರಿ. ನಾನು, "ಚಿತ್ರ ಈ ಕಡೆ ಇದೆ" ಅಂದೆ. "ಗೊತ್ತು ಸುಮ್ನಿರಿ. ನೆಟ್ಟಗೆ ನೋಡಿದ್ರೆ ನನಗೆ ಮಚ್ಚೆ ಕಾಣುತ್ತೆ. ಬೀರು ನೋಡಿದ್ರೆ ಓರೆಯಲ್ಲಿ ಚಿತ್ರ ಕಾಣುತ್ತೆ" ಅಂದಿರಿ. ಹಾಗೆ ಬಹಳ ಹೊತ್ತು ಬೀರುವನ್ನು ನೋಡಿದಿರಿ. ಏನು ಕಾಣುತ್ತಿದೆ ಎಂದು ಕೇಳಿದೆ. "ಬೂದಿ ಬಣ್ಣ. ಬಿಳಿ ಬಟ್ಟೆ. ಅಲ್ಲಾಡೋ ಹಂಗಿದೆ. ಗೆರೆ ಕಾಣಲ್ಲ" ಅಂದಿರಿ.

ಆಮೇಲೆ ನಾನು ಭೂತಗನ್ನಡಿ ಹಿಡಿದು ಎಡದ ಮೂಲೆಯಿಂದ ಎಣಿಸತೊಡಗಿದೆ. ನೀವು ಜೊತೆಗೆ ಬೆರಳು ಮಡಚುತ್ತಿದ್ದಿರಿ. ಹದಿನಾಲ್ಕನೆಯ ಗೆರೆ ದಪ್ಪ ಅಂದೆ. "ಮುಂದೆ" ಅಂದಿರಿ. ಮತ್ತೆ ಹದಿನಾಲ್ಕಕ್ಕೆ ದಪ್ಪ. ಮತ್ತೆ ಹದಿನಾಲ್ಕು. ಮೂರನೆಯ ಸಲಕ್ಕೆ ನೀವು ಮೇಜಿನ ಮೇಲೆ ಅಂಗೈ ಊರಿ, ಮಣಿಕಟ್ಟನ್ನು ಎತ್ತಿ, ಮತ್ತೆ ಊರಿದಿರಿ. "ಇಲ್ಲಿ ಎತ್ತಿದ್ದಾರೆ. ಇಲ್ಲಿ ಊರಿದ್ದಾರೆ. ಕೈ ಕಣಯ್ಯಾ, ಕೈ!" ಅಂದಿರಿ. ನನ್ನನ್ನು ಹಾಗೆ ಕರೆದದ್ದಕ್ಕೆ ಆಮೇಲೆ ಕ್ಷಮೆ ಕೇಳಿದಿರಿ. ಕೇಳುವ ಅಗತ್ಯವಿರಲಿಲ್ಲ.

ಬಲಗಡೆ, ಮೂರನೆಯ ಹೆಂಗಸಿನ ಹಿಂದೆ, ಲೆಕ್ಕ ತಪ್ಪಿತು. ಐದು ಗೆರೆಗಳ ಓರೆ ಬೇರೆ, ಅಂತರ ಏರುಪೇರು, ಒಂದು ಗೆರೆ ಜಾರಿ ಪಕ್ಕದ್ದನ್ನು ಮುಟ್ಟಿತ್ತು. ಹಾಗೆಂದು ಹೇಳಿದೆ. ನೀವು ನಗಲು ಶುರು ಮಾಡಿದಿರಿ. ಕಣ್ಣೊರೆಸಿಕೊಂಡು, "ಇದು ಆ ಪ್ಯಾರಿಸ್ ಮದಾಮ್ ಕೈ. 'ನನಗೂ ಕೊಡಿ, ನಾನೊಂದಿಷ್ಟು ಎಳೀತೀನಿ' ಅಂದಿದ್ದಾಳೆ. ಐದು ಎಳೆದು, 'ಬೇಡಪ್ಪ, ನೀವೇ ಮಾಡಿ' ಅಂತ ವಾಪಸ್ ಕೊಟ್ಟಿದ್ದಾಳೆ. ನಾನೂ ಪೆರ್ ಓಸ್ಮೋಂ ಹತ್ರ ಹೀಗೇ ಮಾಡಿದ್ದೆ" ಅಂದಿರಿ. ಅದರ ನಂತರದ ಗೆರೆಯಿಂದ ಮತ್ತೆ ಹದಿನಾಲ್ಕರ ಲೆಕ್ಕ ಸರಿಹೋಗುತ್ತದೆ, ಚಿತ್ರದ ಅಂಚಿನ ತನಕ.

ಇಬ್ಬರು ಒಂದು ತಗಡಿನ ಮುಂದೆ ಕೂತಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದನ್ನು ನಾನು ದಾಖಲೆಯಲ್ಲಿ ಹೇಳಿದ್ದೇನೆ. ಕಂಡುಹಿಡಿದವರು ಎಂದು ನಿಮ್ಮ ಹೆಸರು ಹಾಕಿದ್ದೇನೆ. ದಯವಿಟ್ಟು ಬೇಡವೆನ್ನಬೇಡಿ. ನನ್ನ ಹಳೆಯ ಟಿಪ್ಪಣಿ ತಪ್ಪೆಂದೂ ಬರೆದಿದ್ದೇನೆ, ನನ್ನ ಹೆಸರಿನ ಸಮೇತ.

ಇನ್ನು ನಾಲ್ಕು ವರ್ಷಕ್ಕೆ ಚಿತ್ರ ಮತ್ತೆ ಗೋಡೆಗೆ ಬಂದಾಗ ಕೆಳಗಿನ ಫಲಕದಲ್ಲಿ ಹೀಗಿರುತ್ತದೆ:

"ಬ್ಲಾನ್ಶ್ ದೆಲಮಾರ್. ಮಳೆಗೆ ಬಟ್ಟೆ ಎತ್ತುವ ಹೆಂಗಸರು. 1881. ತಾಮ್ರದ ತಗಡಿನ ಅಚ್ಚು. ಮಳೆಯ ಗೆರೆಗಳು ಬಟ್ಟೆ ಅಚ್ಚಿನ ಕೆಲಸದ ಒಬ್ಬ ಅಜ್ಞಾತ ಕೆತ್ತನೆಗಾರರವು."

ಒಪ್ಪಿಗೆಯೇ? ಒಂದು ಕೋರಿಕೆಯೂ ಇದೆ. ಅಂದು ಕಾರಿನಲ್ಲಿ ನಿಮ್ಮ ಉಳಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದನ್ನೇ ಮುಟ್ಟಿ ಹೆಸರು ಹೇಳುತ್ತಾ ಬಂದಿರಿ. ಆ ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಯಾವ ಪುಸ್ತಕದಲ್ಲೂ ಓದಿದವನಲ್ಲ. ವಾರಕ್ಕೊಂದು ದಿನ ಬಂದು ಬರೆದುಕೊಳ್ಳಬಹುದೇ?

ನಿಮ್ಮ,
ರೆಮಿ ಲೆಪ್ರೆವೋ


ಬೊಲ್ಬೆಕ್, 3 ಫೆಬ್ರವರಿ 1997

ಮೊಸ್ಯೂ ರೆಮಿ,

ರೇಮೋಂದ್ ಬರೆಯುತ್ತಿದ್ದೇನೆ, ಜಿನೆತ್ ಹೇಳುತ್ತಿದ್ದಾರೆ. ಈ ಸಲ ನಿಜವಾಗಿಯೂ ಬಾಯಿ ಹಾಕುವುದಿಲ್ಲ. ನಿಮ್ಮ ಕಾಗದ ಓದುವಾಗ ಐದು ಗೆರೆಯ ಜಾಗದಲ್ಲಿ ಇಬ್ಬರೂ ನಕ್ಕು ನಕ್ಕು ಸುಸ್ತಾದೆವು ಅಂತ ಮಾತ್ರ ಹೇಳಿ ನಿಲ್ಲಿಸುತ್ತೇನೆ.

ಜಿನೆತ್ ಹೇಳುತ್ತಾರೆ:

ಎಲ್ಲ ಸರಿಯಾಗಿ ಬರೆದಿದ್ದೀರಿ. ಬುಧವಾರ ಬನ್ನಿ, ಪ್ರತಿ ಬುಧವಾರ ಬನ್ನಿ. ಮಧ್ಯಾಹ್ನದ ಊಟ ಇಲ್ಲೇ. ರೇಮೋಂದ್ ಮೊಲ ಬೇಯಿಸುತ್ತಾಳಂತೆ, ಸಾಸಿವೆ ಜಾಸ್ತಿ ಹಾಕುತ್ತಾಳೆ, ಸಹಿಸಿಕೊಳ್ಳಬೇಕು. ಹೆಸರು ಬರೆದುಕೊಂಡರೆ ಸಾಲದು, ಒಂದು ತುಂಡು ತಾಮ್ರ ತನ್ನಿ, ನಿಮ್ಮ ಕೈಯಿಂದಲೇ ಗೆರೆ ಎಳೆಸುತ್ತೇನೆ. ಕಾಣದಿದ್ದರೂ ಉಳಿಯ ಸದ್ದು ಕೇಳಿ ಹೇಳಬಲ್ಲೆ, ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ. ಮೊದಲ ತಿಂಗಳು ನಿಮಗೂ ಐದಕ್ಕಿಂತ ಹೆಚ್ಚು ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಫಲಕದಲ್ಲಿ ಒಂದು ಪದ ತೆಗೆಯಬೇಕು. ನೀವು "ಅಜ್ಞಾತ" ಅಂತ ಹಾಕಿದ್ದೀರಿ. ಯಾರಿಗೆ ಅಜ್ಞಾತ? ನಿಮಗೆ ಹೆಸರು ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದು ನಮ್ಮ ಕೊರತೆ. ಅವರ ಜೊತೆ ಕೆಲಸ ಮಾಡಿದವರಿಗೆ ಗೊತ್ತಿತ್ತು. ಆ ಪ್ಯಾರಿಸ್ ಮದಾಮ್‌ಗೂ ಗೊತ್ತಿತ್ತು, ಉಳಿ ವಾಪಸ್ ಕೊಡುವಾಗ ಹೆಸರು ಹಿಡಿದೇ ಕರೆದಿರುತ್ತಾಳೆ. ಸಂಜೆ ಸೂಪು ಆರುತ್ತದೆ ಬಾ ಅಂತ ಮನೆಯಲ್ಲಿ ಯಾರೋ ಅವರನ್ನು ದಿನಾ ಕೂಗುತ್ತಿದ್ದರು.

"ಬಟ್ಟೆ ಅಚ್ಚಿನ ಕೆಲಸದ ಒಬ್ಬ ಕೆತ್ತನೆಗಾರರು" ಅಂತ ಹಾಕಿ. ಅಷ್ಟು ಸಾಕು.

ಜಿನೆತ್ ದುಬೊಕ್